ಐನಾಪುರದಲ್ಲಿ ಧಾರಾವಾಹಿ ಮುಗಿದ ಮೇಲೆ

ಐನಾಪುರ ಎಂದರೆ ಬಹಳ ಮಂದಿಗೆ ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಐನಾಪುರ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ, ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಐನಾಪುರ. ಪ್ರವಾಸಿಗರ ಪಟ್ಟಿಯಲ್ಲಿ ಈ ಊರು ಇಲ್ಲ. ಚಿಂಚೋಳಿಗೆ ಬರುವವರು ಚಂದ್ರಂಪಳ್ಳಿ ಜಲಾಶಯ ನೋಡುತ್ತಾರೆ, ಗೊಟ್ಟಂಗೊಟ್ಟದ ಕಾಡಿಗೆ ಹೋಗುತ್ತಾರೆ, ಮಳೆಗಾಲವಾದರೆ ಎತ್ತಿಪೋತ ಜಲಪಾತದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ನಾವು ಗಂಡ ಹೆಂಡತಿ ಐನಾಪುರಕ್ಕೆ ಹೋದದ್ದು ನಾಗರ ಪಂಚಮಿಯ ಊಟಕ್ಕೆ. ಉಳಿದದ್ದು ಮೂರು ದಿನ. ಅಲ್ಲಿ ನಾನು ನೋಡಿದ್ದು ಗುಡಿ, ಕೋಟೆಗಳನ್ನಲ್ಲ. ಒಂದು ಊರು ಟಿ.ವಿ. ಆರಿಸಿದ ಮೇಲೆ ಏನು ಮಾತಾಡುತ್ತದೆ ಎಂಬುದನ್ನು.

ಕಲಬುರಗಿಯಿಂದ ಸೇಡಂ ಮಾರ್ಗವಾಗಿ ಚಿಂಚೋಳಿಗೆ ಹೋದೆವು. ದಾರಿಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ಇಂದು ಬಸ್ಸಿನ ಕಿಟಕಿಯಿಂದ ನೋಡಿದರೆ ಒಂದು ಕೋಟೆ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ, ಅಷ್ಟೇ. ಆದರೆ ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥ ‘ಕವಿರಾಜಮಾರ್ಗ’ ಇಲ್ಲಿನ ಆಸ್ಥಾನದಲ್ಲಿ ಹುಟ್ಟಿತು. ಕನ್ನಡ ನಾಡಿನ ಜನ ಪುಸ್ತಕ ಹಿಡಿದು ಓದದೆ ಇದ್ದರೂ ಕಾವ್ಯದ ಒಳಹೊರಗು ಬಲ್ಲವರು ಎಂದು ಆ ಗ್ರಂಥ ಹೊಗಳುತ್ತದೆ. ನಾನು ಬಿ.ಕಾಂ. ಓದಿದವನು. ಕಾವ್ಯಕ್ಕಿಂತ ಲೆಡ್ಜರ್ ಹೆಚ್ಚು ಓದಿದ್ದೇನೆ. ಆ ಹೊಗಳಿಕೆಯನ್ನು ಸ್ವಂತ ಊರಿನವರ ಬಗ್ಗೆ ಕವಿಗಳು ಆಡುವ ಅಭಿಮಾನದ ಮಾತು ಎಂದಷ್ಟೇ ತಿಳಿದಿದ್ದೆ. ಐನಾಪುರದ ಮೂರು ದಿನ ನನಗೆ ಅದರ ಅರ್ಥ ಬಿಡಿಸಿ ಹೇಳಿದವು.

ಸೇಡಂ ದಾಟಿದ ಮೇಲೆ ದಾರಿಯುದ್ದಕ್ಕೂ ತೊಗರಿ ಹೊಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಇದೇ. ಮನೆಗಳ ನೆಲಕ್ಕೆ, ಕಟ್ಟೆಗೆ, ಎಷ್ಟೋ ಕಡೆ ಮಾಳಿಗೆಗೂ ಹಾಸಿರುವುದು ಶಹಾಬಾದಿ ಫರಸಿ ಕಲ್ಲು. ಚಿಂಚೋಳಿ ಸಮೀಪಿಸಿದಂತೆ ಮಣ್ಣು ಕೆಂಪಾಗುತ್ತದೆ, ಗುಡ್ಡ ಕಾಡು ಕಾಣುತ್ತವೆ. ಬಯಲುಸೀಮೆಯ ನಡುವೆ ಇಂಥ ಕಾಡೇ ಎಂದು ಹೊಸಬರಿಗೆ ಆಶ್ಚರ್ಯ. 2011ರಲ್ಲಿ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಆಚೆಗೆ ತೆಲಂಗಾಣ, ಮೇಲಕ್ಕೆ ಬೀದರ್. ಹೀಗಾಗಿ ಇಲ್ಲಿನ ಕನ್ನಡದಲ್ಲಿ ತೆಲುಗೂ ಉರ್ದುವೂ ಸಹಜವಾಗಿ ಬೆರೆತಿವೆ.

ನಮ್ಮನ್ನು ಕರೆದದ್ದು ನಾನು ಕೆಲಸ ಮಾಡಿದ ಶಾಖೆಯಲ್ಲಿ ದಫ್ತರಿಯಾಗಿದ್ದ ಗೆಳೆಯ. ನಿವೃತ್ತನಾಗಿ ಊರಿಗೆ ಹೋಗಿ ಹೊಲ ನೋಡಿಕೊಂಡಿದ್ದಾನೆ. “ಸಾಹೇಬ್ರೇ, ಹತ್ತು ವರ್ಷದಿಂದ ಬರ್ತೀನಿ ಬರ್ತೀನಿ ಅಂತೀರಿ, ಈ ಪಂಚಮಿಗಿ ಬರ್ಲಿಲ್ಲಂದ್ರ ನಾನೂ ನಿಮ್ಮ ಮನಿಗಿ ಬರಂಗಿಲ್ಲ ನೋಡ್ರಿ” ಎಂದ. 2025ರಲ್ಲಿ ಪಂಚಮಿ ಜುಲೈ 29, ಮಂಗಳವಾರ ಬಿದ್ದಿತ್ತು. ನಾವು ಎರಡು ದಿನ ಮೊದಲೇ ಹೊರಟೆವು.

ಹುತ್ತದ ನಾಗ, ಟಿ.ವಿ.ಯ ನಾಗಿಣಿ

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರು ತವರಿಗೆ ಬರುತ್ತಾರೆ. ರೊಟ್ಟಿ ಪಂಚಮಿಯ ದಿನ ಎಳ್ಳು ಹಚ್ಚಿದ ರೊಟ್ಟಿ, ನಾಲ್ಕಾರು ಥರದ ಪಲ್ಯ. ಮರುದಿನ ಹುತ್ತಕ್ಕೋ ನಾಗರಕಲ್ಲಿಗೋ ಹಾಲು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ತಂಬಿಟ್ಟು, ಜೋಳದ ಅಳ್ಳು. ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಕಟ್ಟಿ ಜೋಕಾಲಿ. ಐನಾಪುರದಲ್ಲೂ ಇದೆಲ್ಲ ಇತ್ತು. ಜೋಕಾಲಿಯ ಸುತ್ತ ನಿಂತವರು ತವರಿನ ಸೀರೆ, ಬಂಗಾರದ ರೇಟು ಮಾತಾಡುತ್ತಿದ್ದಾರೆ ಅಂದುಕೊಂಡು ನಾನು ಸ್ವಲ್ಪ ದೂರ ಕೂತೆ. ಕಿವಿಗೆ ಬಿದ್ದದ್ದು ಬೇರೆ.

“ಸೇಡ ತೀರಿಸ್ಲಿಕ್ಕ ಬಂದಾಕಿ ಲಗ್ನಾ ಮಾಡ್ಕೊಂಡು ಕೂತ್ಳು. ಅದಕ್ಕ ಬದಲಾದ್ಳು ಅಂತೀರೇನು? ಮರತ್ಳು ಅನ್ರಿ” ಎಂದು ಒಬ್ಬಳ ತಕರಾರು.

“ಮರ್ಯೋದು ಬ್ಯಾರಿ, ಬಿಡೋದು ಬ್ಯಾರಿ. ಆಕಿ ಬಿಟ್ಳು” ಎಂದು ಇನ್ನೊಬ್ಬಳು.

ಮಾತು ನಡೆದಿದ್ದದ್ದು ನಾಗಿಣಿಯರ ಬಗ್ಗೆ. ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ‘ನಾಗಿಣಿ’ ಶುರುವಾಯಿತು. ದೀಪಿಕಾ ದಾಸ್ ಅಮೃತಾ ಆಗಿದ್ದರು, ದೀಕ್ಷಿತ್ ಶೆಟ್ಟಿ ಅರ್ಜುನ್. 2020ರ ಫೆಬ್ರುವರಿಯಲ್ಲಿ ‘ನಾಗಿಣಿ 2’ ಬಂತು. ಅದರಲ್ಲಿ ನಮ್ರತಾ ಗೌಡ ಶಿವಾನಿ, ನಿನಾದ್ ಹರಿತ್ಸ ತ್ರಿಶೂಲ್. ರೂಪ ಬದಲಿಸಬಲ್ಲ ನಾಗಕನ್ಯೆ ಸೇಡಿಗಾಗಿ ಮನುಷ್ಯರ ಮನೆ ಸೇರುವುದು, ಅಲ್ಲಿ ಪ್ರೀತಿ ಹುಟ್ಟಿ ಇಕ್ಕಟ್ಟಿಗೆ ಸಿಕ್ಕುವುದು ಎರಡರ ಎಳೆಯೂ ಹೌದು. ಮುಗಿದು ವರ್ಷಗಳಾಗಿವೆ. ಆದರೆ ಇಲ್ಲಿ ವಿಚಾರಣೆ ಮುಗಿದಿಲ್ಲ.

ಅದಕ್ಕೆ ಒಂದು ಕಾರಣವಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ದೇಶದಲ್ಲಿ ಕೋವಿಡ್‌ನ ಮೊದಲ ಸಾವು ಆಗಿದ್ದೇ ನಮ್ಮ ಕಲಬುರಗಿಯಲ್ಲಿ. ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಒಬ್ಬೊಬ್ಬರಾಗಿ ಹಳ್ಳಿಗಳಿಗೆ ಮರಳಿದರು. ಎಂದೂ ಟಿ.ವಿ. ಮುಂದೆ ಕೂರದ ಗಂಡಸರೂ ಕೂತರು. ಅಷ್ಟರಲ್ಲಿ ಚಿತ್ರೀಕರಣ ನಿಂತು ಹಳೆಯ ಕಂತುಗಳು ಬರತೊಡಗಿದವು. ಕಥೆ ಅರ್ಧಕ್ಕೆ ನಿಂತಾಗ ಮುಂದೇನು ಎಂಬುದನ್ನು ಊರವರೇ ಕಟ್ಟೆಯ ಮೇಲೆ ಕೂತು ಹೆಣೆದರಂತೆ. ಜೂನ್ ತಿಂಗಳಲ್ಲಿ ಹೊಸ ಕಂತು ಬಂದಾಗ, “ನಮ್ಮ ಕಥಿನ ಛಲೋ ಇತ್ರಿ” ಎಂದು ನನ್ನ ಗೆಳೆಯನ ಅಭಿಪ್ರಾಯ.

ಜೋಕಾಲಿಯ ಹತ್ತಿರ ಒಬ್ಬ ಹಿರಿಯಳು ತೀರ್ಪು ಕೊಟ್ಟಳು: “ಹಾವು ಹನ್ನೆರಡ ವರ್ಷ ಸಿಟ್ಟು ಇಟ್ಕೋತದ ಅಂತಾರ. ಸಿಟ್ಟು ಇಳೀಲಿಕ್ಕೂ ಅಷ್ಟ ವರ್ಷ ಬೇಕಲ್ಲ? ಟಿ.ವಿ.ಯವ್ರು ಎರಡ ವರ್ಷದಾಗ ಇಳಿಸಿಬಿಟ್ರು. ಅದಕ್ಕ ಇವ್ರಿಗಿ ನಂಬಿಕಿ ಬರವಲ್ದು.” ಪಾತ್ರದ ಬೆಳವಣಿಗೆ ಎಂದರೇನು ಎಂದು ವಿಮರ್ಶಕರು ಪುಟಗಟ್ಟಲೆ ಬರೆಯುತ್ತಾರೆ. ಬದಲಾವಣೆಗೆ ತಕ್ಕಷ್ಟು ಕಾಲ ಕೊಡಬೇಕು ಎಂಬ ಮಾತನ್ನು ಈ ತಾಯಿ ಉಂಡಿ ಕಟ್ಟುತ್ತಲೇ ಹೇಳಿದಳು.

ಮಕ್ಕಳು ಓದುವ ಪತ್ರಿಕೆಯಾದ್ದರಿಂದ ಇಲ್ಲೊಂದು ಮಾತು ಹೇಳಬೇಕು. ನಿಜವಾದ ಹಾವಿಗೆ ಸೇಡು ಗೊತ್ತಿಲ್ಲ. ತಲೆಯಲ್ಲಿ ಮಣಿ ಇಲ್ಲ. ಹೊರಗಿವಿ ಇಲ್ಲದ ಅದು ನೆಲದ ಅದುರುವಿಕೆಯಿಂದ ನಮ್ಮ ಬರವನ್ನು ತಿಳಿಯುತ್ತದೆ. ಹಾಲು ಅದರ ಆಹಾರವಲ್ಲ. ಹೊಲದ ಇಲಿ ಹಿಡಿದು ರೈತನಿಗೆ ಉಪಕಾರ ಮಾಡುತ್ತದೆ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರ ಕಂಡರೆ ಬಡಿಗೆ ಎತ್ತುವ ನಮ್ಮ ಸ್ವಭಾವವನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಕುಟುಕಿದ್ದಾರೆ. ಈಚೆಗೆ ಎಷ್ಟೋ ಕಡೆ ಪಂಚಮಿಯ ಹಾಲನ್ನು ಮಕ್ಕಳಿಗೆ ಕುಡಿಸುವ ಪದ್ಧತಿ ಬಂದಿದೆ. ನನ್ನ ಗೆಳೆಯನ ಮನೆಯಲ್ಲಿ ಒಂದು ಚಮಚ ಕಲ್ಲಿಗೆ, ಒಂದು ಲೋಟ ಮೊಮ್ಮಗಳಿಗೆ. ಅವಳು ಕುಡಿದು ಮೀಸೆ ಒರೆಸಿಕೊಂಡು ನೋಟ್‌ಬುಕ್ ತಂದಳು.

ಸಸ್ಪೆನ್ಸ್ ಖಾತೆ

ಆ ಮೊಮ್ಮಗಳಿಗೆ ಹತ್ತು ವರ್ಷ. ಗೆಳೆಯನ ಮಗಳ ಮಗಳು. ತಾಯಿ ತೀರಿಕೊಂಡು ಆರು ವರ್ಷ. ತಂದೆ ಹೈದರಾಬಾದಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಹಬ್ಬಕ್ಕೆ ಬಟ್ಟೆ ಕಳಿಸುತ್ತಾನೆ. ಹುಡುಗಿ ಇರುವುದು ಮುತ್ಯಾ, ಆಯಿಯ ಹತ್ತಿರ. ಓಣಿಯ ಮನೆಮನೆಗೂ ಮಗಳು ಬಂದಿದ್ದ ಆ ದಿನ ಈ ಮನೆಯಲ್ಲಿ ಉಂಡಿಯ ಡಬ್ಬಿಗಳು ತುಂಬಿಯೇ ಇದ್ದವು. ಅವನ್ನು ಕಟ್ಟಿಕೊಂಡು ಗಂಡನ ಮನೆಗೆ ಹೋಗುವವಳು ಇರಲಿಲ್ಲ. ನನ್ನ ಮನೆಯವರು ಅದನ್ನು ನೋಡಿ, “ನನಗ ಕಟ್ಟಿಕೊಡ್ರಿ ಅಕ್ಕಾ, ನಾನೂ ಹೆಣ್ಣುಮಗಳ ಅಲ್ಲೇನು” ಎಂದು ಕೇಳಿ ಪಡೆದರು.

ಹುಡುಗಿ ತಂದದ್ದು ಲೆಕ್ಕದ ನೋಟ್‌ಬುಕ್. ಹಿಂದಿನಿಂದ ತಿರುವಿದರೆ ಬೇರೆಯೇ ಲೆಕ್ಕ. ನಡುವೆ ಗೆರೆ ಎಳೆದು ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಧಾರಾವಾಹಿಗಳಲ್ಲಿ ಕೇಳಿ ಬಿಟ್ಟ, ಬಿಡಿಸದೆ ಬಿಟ್ಟ ಗಂಟುಗಳೆಲ್ಲ ಅಲ್ಲಿದ್ದವು. “ಹಾವು ಹೆಂಗಸಾದಾಗ ಸೀರಿ ಎಲ್ಲಿಂದ ಬರ್ತದ?” “ಅಷ್ಟು ಶಕ್ತಿ ಇದ್ದಾಕಿ ಬಾಗಿಲ ಹಿಂದ ನಿಂತು ಯಾಕ ಕೇಳ್ತಾಳ?” “ಊರಿಗಿ ಹೋಗಿ ಬರ್ತೀನಿ ಅಂದ ಕಾಕಾ ಇನ್ನೂ ಯಾಕ ಬಂದಿಲ್ಲ?” “ಮಾರಿ ಬದಲಾದ್ರೂ ಮನ್ಯಾಗ ಯಾರೂ ಯಾಕ ಕೇಳಲಿಲ್ಲ?” ಕೊನೆಯದು ಪಾತ್ರಧಾರಿ ಬದಲಾದ ಸಂಗತಿ. ಉತ್ತರ ಸಿಕ್ಕಿದ್ದಕ್ಕೆ ಟಿಕ್, ಮುಂದೆ ತಾರೀಖು. ಸಿಗದಿದ್ದರೆ ಖಾಲಿ. ಬಲಗಡೆ ಖಾಲಿಯೇ ಹೆಚ್ಚು.

ನನಗೆ ನಗು ಬಂತು, ಖುಷಿಯೂ ಆಯಿತು. ನಾವು ಬ್ಯಾಂಕಿನಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಯಾವುದೋ ಹಣ ಬರುತ್ತದೆ, ಯಾರ ಖಾತೆಗೆ ಸೇರಬೇಕು ತಿಳಿಯುವುದಿಲ್ಲ. ಅದನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ವಿವರ ಸಿಕ್ಕ ಕೂಡಲೇ ಸರಿಯಾದ ಖಾತೆಗೆ ದಾಟಿಸಬೇಕು. ಮಾರ್ಚ್ 31 ಬಂತೆಂದರೆ ಮ್ಯಾನೇಜರು ತಲೆ ಮೇಲೆ ನಿಲ್ಲುತ್ತಿದ್ದರು. ಕಂಪ್ಯೂಟರ್ ಬರುವ ಮುಂಚೆ ಲೆಡ್ಜರುಗಳ ಬ್ಯಾಲೆನ್ಸಿಂಗ್ ಮಾಡುವಾಗ ಎರಡು ರೂಪಾಯಿ ಹೊಂದದಿದ್ದರೂ ರಾತ್ರಿ ಹತ್ತರವರೆಗೆ ಕೂತದ್ದಿದೆ. “ನಿನ್ನ ಬಲಗಡೆ ಖಾಲಿ ಇರೋದೆಲ್ಲ ಸಸ್ಪೆನ್ಸ್ ಖಾತಿ ಅವ್ವಾ” ಎಂದೆ. ಅವಳು ಆ ಹೆಸರನ್ನು ತಲೆಬರಹವಾಗಿ ಬರೆದುಕೊಂಡಳು.

ಧಾರಾವಾಹಿಯವರು ಈ ಖಾತೆ ಯಾಕೆ ತೀರಿಸುವುದಿಲ್ಲ ಎಂದು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಬಿಟ್ಟರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತಿನಂತೆ ವರ್ಷಕ್ಕೆ 260 ಕಂತು. ಗುಣಿಸಿದರೆ 5,720 ನಿಮಿಷ, ಅಂದರೆ 95 ಗಂಟೆ. ಎರಡೂವರೆ ಗಂಟೆಯ ಸಿನಿಮಾ ಲೆಕ್ಕದಲ್ಲಿ 38 ಸಿನಿಮಾ! ಇಷ್ಟನ್ನು ಒಬ್ಬರು ಮೊದಲೇ ಕೂತು ಬರೆದಿಟ್ಟಿರುವುದಿಲ್ಲ. ಬರೆಯುತ್ತಾ, ಚಿತ್ರಿಸುತ್ತಾ, ತೋರಿಸುತ್ತಾ ಹೋಗುತ್ತಾರೆ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಬಾರ್ಕ್ ಸಂಸ್ಥೆಯಿಂದ ವಾರವಾರ ಬರುತ್ತದೆ. ಅಂಕಿ ಏರಿದರೆ ಕಥೆ ಎಳೆಯಬೇಕು, ಇಳಿದರೆ ತಿರುವು ಕೊಡಬೇಕು ಅಥವಾ ಮುಗಿಸಬೇಕು. ನಡುವೆ ನಟರೊಬ್ಬರು ಬಿಟ್ಟು ಹೋದರೆ ಪಾತ್ರವನ್ನು ಊರಿಗೆ ಕಳಿಸುತ್ತಾರೆ. ಹೋದ ಕಾಕಾ ಬಾರದೆ ಇರುವುದು ಹೀಗೆ.

“ಅಂದ್ರ ಅವ್ರಿಗೂ ಗೊತ್ತಿರಂಗಿಲ್ಲ?” ಎಂದಳು.

“ಗೊತ್ತಿರಂಗಿಲ್ಲ.”

“ಮತ್ತ ನಾವ ಹೇಳಬೇಕು” ಎಂದು ನಿರ್ಧರಿಸಿದಳು.

ದೀಪಗಳು ಸೇರುವ ಗುಡಿ

ಕಥೆ ಬಿಟ್ಟ ಗಂಟನ್ನು ಕೇಳುವವರೇ ಬಿಡಿಸುವುದು ಟಿ.ವಿ. ಬಂದ ಮೇಲೆ ಹುಟ್ಟಿದ್ದಲ್ಲ. ನಾವು ಸಣ್ಣವರಿದ್ದಾಗ ‘ಚಂದಮಾಮ’ದಲ್ಲಿ ಬೇತಾಳನ ಕಥೆಗಾಗಿ ಕಾಯುತ್ತಿದ್ದೆವು. 1985ರಲ್ಲಿ ರಾಮಾನಂದ ಸಾಗರ್ ಅದನ್ನೇ ದೂರದರ್ಶನಕ್ಕೆ ‘ವಿಕ್ರಮ್ ಔರ್ ಬೇತಾಲ್’ ಎಂದು ತಂದರು. ಅರುಣ್ ಗೋವಿಲ್ ವಿಕ್ರಮ, ಸಜ್ಜನ್ ಬೇತಾಳ. ಆಗ ಓಣಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ. ಬೇತಾಳನ ಉಪಾಯ ನೋಡಿ: ಕಥೆ ಹೇಳುತ್ತಾನೆ, ಕೊನೆಯ ಗಂಟು ತಾನು ಬಿಡಿಸುವುದಿಲ್ಲ. ರಾಜನನ್ನು ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ, ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತಾನೆ. ಕಥೆ ಕೇಳಿದವನಿಗೆ ಸುಮ್ಮನಿರುವ ಹಕ್ಕಿಲ್ಲ ಎಂಬುದೇ ಅದರ ತಿರುಳು.

ಎ.ಕೆ. ರಾಮಾನುಜನ್ ಅವರು ಕನ್ನಡದ ಹೆಂಗಸರಿಂದ ಸಂಗ್ರಹಿಸಿದ ಒಂದು ಜನಪದ ಕಥೆ ಇನ್ನೂ ಸೊಗಸು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಆದರೆ ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವೆರಡೂ ಅವಳು ಮಲಗಿದಾಗ ಬಾಯಿಂದ ಹೊರಗೆ ಓಡಿ, ಒಂದು ಬಾಗಿಲಲ್ಲಿ ಗಂಡಸಿನ ಜೋಡಾಗಿ, ಇನ್ನೊಂದು ಗೂಟದ ಮೇಲೆ ಕೋಟಾಗಿ ಕೂರುತ್ತವೆ. ಯಾರು ಬಂದಿದ್ದರು ಎಂದು ಗಂಡನಿಗೆ ಸಂಶಯ, ಜಗಳ. ಅವನು ಮುನಿಸಿಕೊಂಡು ಹನುಮಪ್ಪನ ಗುಡಿಯಲ್ಲಿ ಮಲಗುತ್ತಾನೆ. ಊರಿನ ದೀಪಗಳನ್ನು ಆರಿಸಿದ ಮೇಲೆ ಅವುಗಳ ಕುಡಿಗಳೆಲ್ಲ ಅದೇ ಗುಡಿಗೆ ಬಂದು ಮಾತಾಡುತ್ತ ಕೂರುವುದು ವಾಡಿಕೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳುತ್ತದೆ. ಅವನಿಗೆ ನಿಜ ತಿಳಿಯುತ್ತದೆ. ಮರುದಿನ ಹೆಂಡತಿಯನ್ನು ಕೇಳಿದರೆ ಅವಳಿಗೆ ಆ ಕಥೆಯೂ ಹಾಡೂ ಮರೆತೇ ಹೋಗಿವೆ.

ಗಿರೀಶ ಕಾರ್ನಾಡರು ರಾಮಾನುಜನ್ ಅವರಿಂದ ಕೇಳಿದ ಕಥೆಗಳನ್ನು ಹೆಣೆದು 1988ರಲ್ಲಿ ‘ನಾಗಮಂಡಲ’ ಬರೆದರು. ಅದರಲ್ಲೂ ದೀಪದ ಕುಡಿಗಳು ಹಾಳು ಗುಡಿಯಲ್ಲಿ ಸೇರುತ್ತವೆ. ಗಂಡನ ರೂಪದಲ್ಲಿ ಬರುವ ನಾಗ, ಅವನನ್ನು ಗಂಡನೆಂದೇ ನಂಬುವ ರಾಣಿ. ಕಥೆ ಮುಗಿಯಿತು ಎಂದಾಗ ಕೇಳುತ್ತಿದ್ದವರು ಒಪ್ಪುವುದಿಲ್ಲ. ಹಾಗಾದರೆ ನಾಗ ಏನಾದ? ರಾಣಿಗೆ ಗೊತ್ತೇ ಆಗಲಿಲ್ಲವೇ? ಕಥೆ ಮುಂದುವರಿಯಲೇಬೇಕು. ಒಂದು ಕೊನೆಯಲ್ಲಿ ನಾಗ ರಾಣಿಯ ಜಡೆಯಲ್ಲೇ ಸಾಯುತ್ತಾನೆ. ಇನ್ನೊಂದರಲ್ಲಿ ಬದುಕಿ ಅವಳ ಕೂದಲಲ್ಲೇ ಆಸರೆ ಪಡೆಯುತ್ತಾನೆ. ಬಿಟ್ಟ ಗಂಟು ಕೇಳುವ ಪ್ರೇಕ್ಷಕರನ್ನು ಕಾರ್ನಾಡರು ನಾಟಕದೊಳಗೇ ಕೂರಿಸಿದರು. ನನ್ನ ಮನೆಯವರು ಇದನ್ನು ಐನಾಪುರದ ಹೆಂಗಸರಿಗೆ ಹೇಳಿದಾಗ ಚರ್ಚೆ ಎರಡು ಪಾಲಾಯಿತು. ನಾಗ ಸತ್ತ ಎಂದವರು ನಾಲ್ವರು, ಬದುಕಿದ ಎಂದವರು ಏಳು ಜನ. ಏಳು ಜನರಲ್ಲಿ ಒಬ್ಬಳು, “ಸಾಯಿಸೋದು ಹಗುರ, ಸಂಭಾಳ್ಸೋದು ಕಷ್ಟ. ಅದಕ್ಕ ಬದುಕ್ಲಿ” ಎಂದಳು.

ಕರೆಂಟ್ ಹೋದ ರಾತ್ರಿ

ಪಂಚಮಿಯ ರಾತ್ರಿ ಜೋರು ಮಳೆ. ಆ ಹೊತ್ತಿಗೆ ಊರು ನೋಡುತ್ತಿದ್ದದ್ದು ‘ನಾ ನಿನ್ನ ಬಿಡಲಾರೆ’. ಇದೇ ಹೆಸರಿನ ಸಿನಿಮಾ 1979ರಲ್ಲಿ ಬಂದಿತ್ತು. ಅನಂತನಾಗ್, ಲಕ್ಷ್ಮಿ ಅಭಿನಯಿಸಿದ ಆ ದೆವ್ವದ ಕಥೆ ನೋಡಿ ನಮ್ಮ ಓರಿಗೆಯವರು ರಾತ್ರಿ ಒಬ್ಬರೇ ಹೊರಗೆ ಹೋಗಲು ಹೆದರಿದ್ದುಂಟು. ಧಾರಾವಾಹಿ ಬೇರೆ. 2025ರ ಜನವರಿಯಲ್ಲಿ ಜೀ ಕನ್ನಡದಲ್ಲಿ ಶುರುವಾದದ್ದು. ತೀರಿಹೋದ ತಾಯಿ ಆತ್ಮವಾಗಿ ತನ್ನ ಪುಟ್ಟ ಮಗಳನ್ನು ಕಾಯುವುದು ಅದರ ಎಳೆ.

ಕಂತು ಶುರುವಾಗುವ ಮೊದಲೇ ಕರೆಂಟ್ ಹೋಯಿತು. ಓಣಿಯ ಐದಾರು ಜನ ನಮ್ಮ ಗೆಳೆಯನ ಪಡಸಾಲೆಗೇ ಬಂದರು. ನಡುವೆ ಒಂದು ಎಣ್ಣೆಯ ದೀಪ. ನೋಡುವುದು ತಪ್ಪಿದ್ದರಿಂದ ಮಾತು ಇನ್ನೂ ಜೋರಾಯಿತು. ಕೊನೆಗೆ ಈ ಆತ್ಮ ಏನಾಗಬೇಕು? ಬಹುಮತ ಮುಕ್ತಿಯ ಕಡೆಗೆ. ಕೆಟ್ಟವರಿಗೆ ಶಿಕ್ಷೆಯಾಗಬೇಕು, ಮಗಳು ಒಬ್ಬ ಒಳ್ಳೆಯವಳ ಕೈಗೆ ಸೇರಬೇಕು, ತಾಯಿ ನೆಮ್ಮದಿಯಿಂದ ಹೋಗಬೇಕು. “ಇದ್ದಲ್ಲೇ ಇದ್ರ ಅದು ಬೆಳವಣಿಗಿ ಅಲ್ರಿ. ಮಗಳ್ನ ಬಿಡೋದು ಕಲೀಬೇಕು ಆಕಿ” ಎಂದ ಕಾಲೇಜು ಓದುವ ಹುಡುಗ.

ಮೊಮ್ಮಗಳು ದೀಪದ ಹತ್ತಿರ ನೋಟ್‌ಬುಕ್ ಹಿಡಿದು ಕೂತಿದ್ದಳು. “ಹೋದ್ರ ಆ ಹುಡುಗಿಗಿ ಏನ ಉಳೀತದ?” ಎಂದಳು.

ಯಾರೂ ಮಾತಾಡಲಿಲ್ಲ. ಎಲ್ಲರಿಗೂ ಅವಳ ಮನೆಯ ಸಂಗತಿ ಗೊತ್ತು. ಗೆಳೆಯ ನನ್ನ ಕಡೆ ನೋಡಿದ. ನನಗೆ ಬ್ಯಾಂಕು ಬಿಟ್ಟು ಬೇರೆ ಏನು ತೋಚಬೇಕು! ಹೇಳಿದೆ: “ನಮ್ಮಲ್ಲಿ ಖಾತೆ ಇದ್ದವರು ತೀರಿಕೊಂಡರೆ ಖಾತೆ ಅವತ್ತೇ ಮುಗಿಯೋದಿಲ್ಲ. ಹಣ ಇರ್ತದ. ಅದನ್ನ ಒಯ್ಯೋತನಕ ಬಡ್ಡಿನೂ ಬೀಳ್ತದ.”

“ಯಾರಿಗಿ?”

“ನಾಮಿನಿಗೆ. ಖಾತೆ ತೆಗೀವಾಗ್ಲೇ ಹೆಸರು ಬರ್ದಿಟ್ಟಿರ್ತಾರ, ನನ್ನ ನಂತರ ಇವರ ಕೈಗೆ ಕೊಡ್ರಿ ಅಂತ.”

“ಹತ್ತ ವರ್ಷ ಯಾರೂ ಕೇಳ್ಲಿಲ್ಲಂದ್ರ?”

“ಹತ್ತು ವರ್ಷ ಆದ್ರ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗ್ತದ. ಆದ್ರೂ ಹಕ್ಕು ಹೋಗಂಗಿಲ್ಲ. ಆಮೇಲೆ ಬಂದು ಕೇಳಿದ್ರೂ ಕೊಡ್ತಾರ.”

ಅವಳು ಯೋಚಿಸಿದಳು. ಇದು ಅವಳಿಗೆ ಸ್ವಲ್ಪ ಹಿಡಿಸಿದ ಹಾಗೆ ಕಂಡಿತು. ಆದರೆ ಅವಳ ನಿಜವಾದ ಪ್ರಶ್ನೆ ಇನ್ನೂ ಬಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದು ಒಂದೇ ಸಾಲು: “ಆತ್ಮಕ್ಕ ವಯಸ್ಸಾಗ್ತದೇನು?”

“ಟಿ.ವಿ.ಯಾಗ ಆ ಅವ್ವ ಮೊದಲ ಹೆಂಗ ಇದ್ಳೋ ಈಗೂ ಹಂಗ ಇದ್ದಾಳ. ಮಗಳು ಬೆಳೀತಾಳ, ಆಕಿ ಬೆಳಿಯಂಗಿಲ್ಲ” ಎಂದಳು. “ನಮ್ಮವ್ವಗ ಇಪ್ಪತ್ತಾರಿತ್ತು. ನನಗ ಇಪ್ಪತ್ತಾರಾದಾಗ ನಾವಿಬ್ರೂ ಓರಗಿ. ಆಮ್ಯಾಲ ನಾನ ದೊಡ್ಡಾಕಿ. ಆಗ ಆಕಿ ನನ್ನ ಹೆಂಗ ಗುರ್ತ ಹಿಡೀತಾಳ?”

ಅಳಲಿಲ್ಲ. ಲೆಕ್ಕ ಒಪ್ಪಿಸುವಂತೆ ಹೇಳಿದಳು. ಮುಕ್ತಿ, ಬೆಳವಣಿಗೆ ಎಂದು ಮಾತಾಡುತ್ತಿದ್ದ ನಾವೆಲ್ಲ ಸುಮ್ಮನಾದೆವು. ಹೊರಗೆ ಫರಸಿಯ ಮೇಲೆ ಮಳೆ ಬೀಳುತ್ತಿತ್ತು. ಗೆಳೆಯ ಎದ್ದು ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಮುಖ ತಿರುಗಿಸಿದ.

ಉತ್ತರ ಕೊಟ್ಟವಳು ಅವಳ ಆಯಿ. ಮೂಲೆಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ. ಬತ್ತಿ ಬಿಡದೆ ಹೇಳಿದಳು:

“ಅದರಾಗೇನದ. ನಿನಕಿಂತ ಮೊದಲ ಹೋಗಾಕಿ ನಾನಲ್ಲೇನು? ನಾ ಹೋಗಿ ಹೇಳ್ತೀನಿ. ಇಷ್ಟ ಎತ್ರ ಆಗ್ಯಾಳ, ಕೂದಲ ಸೊಂಟದ ತನಕ ಅವ, ಬರೀತಾಳ, ಎಲ್ಲರ ತಪ್ಪ ತಗೀತಾಳ ಅಂತ ಎಲ್ಲಾ ಹೇಳ್ತೀನಿ. ನೀ ಬರೋದ್ರಾಗ ಆಕಿಗಿ ನಿನ್ನ ಗುರ್ತ ಪಕ್ಕಾ ಆಗಿರ್ತದ.”

ಹುಡುಗಿ ಆಯಿಯ ಮುಖ ನೋಡಿ, “ಹಂಗಾದ್ರ ನೀ ಈಗ ಹೋಗಬ್ಯಾಡ” ಎಂದಳು. “ಇನ್ನೂ ಹೇಳೋದು ಭಾಳ ಆಗಬೇಕು.”

ಪಡಸಾಲೆಯೆಲ್ಲ ನಕ್ಕಿತು. ಆಯಿ ಹೆಚ್ಚು ನಕ್ಕಳು. ಹೊಸೆದಿದ್ದ ಬತ್ತಿಯಲ್ಲೇ ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಟಿ.ವಿ. ಹಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಮರುದಿನ ಗೆಳೆಯ ನಮ್ಮನ್ನು ಚಂದ್ರಂಪಳ್ಳಿಗೆ ಕರೆದೊಯ್ದ. ಗುಡ್ಡಗಳ ನಡುವೆ ನೀರು ತುಂಬಿತ್ತು. ಸುತ್ತ ಹಸಿರು. ಚಿಂಚೋಳಿ ಕಡೆ ಬರಬೇಕೆನ್ನುವವರು ಜುಲೈಯಿಂದ ಡಿಸೆಂಬರ್ ನಡುವೆ ಬನ್ನಿ. ಕಲಬುರಗಿಯಿಂದ ಚಿಂಚೋಳಿಗೆ ಬಸ್ಸುಗಳಿವೆ, ರೈಲಿನಲ್ಲಿ ಬರುವವರು ಸೇಡಂನಲ್ಲಿ ಇಳಿಯಬಹುದು. ಮಳಖೇಡದಲ್ಲಿ ಒಂದು ಗಂಟೆ ಇಳಿದು ಕೋಟೆ ನೋಡಿ. ಮಕ್ಕಳಿದ್ದರೆ ಕಾಡಿನ ದಾರಿಯಲ್ಲಿ ಸಂಜೆಯೊಳಗೆ ಮರಳಿ. ತಿನ್ನಲು ಜೋಳದ ರೊಟ್ಟಿ, ತೊಗರಿ ಬೇಳೆ ಎಲ್ಲೆಡೆ ಸಿಗುತ್ತದೆ.

ದೆವ್ವ, ನಾಗಿಣಿಯರ ಧಾರಾವಾಹಿಯನ್ನು ಮಕ್ಕಳು ನೋಡಬೇಕೇ ಬೇಡವೇ ಎಂದು ಅನೇಕ ಮನೆಗಳಲ್ಲಿ ಜಗಳವಾಗುತ್ತದೆ. ಮಗು ಹೆದರಿದರೆ ಬೇಡ, ಅದರಲ್ಲಿ ಎರಡು ಮಾತಿಲ್ಲ. ಹೆದರದೆ ನೋಡುತ್ತಿದ್ದರೆ ಮುಗಿದ ಮೇಲೆ ಕಾಲು ಗಂಟೆ ಟಿ.ವಿ. ಆರಿಸಿ, ಅದರ ಜೊತೆ ಕೂರಬೇಕು ಎಂದು ನಾನು ಹೇಳುತ್ತೇನೆ. ಅವಳು ಹಾಗೆ ಯಾಕೆ ಮಾಡಿದಳು, ಆ ಗಂಟು ಯಾಕೆ ಬಿಟ್ಟರು, ನೀನಾಗಿದ್ದರೆ ಹೇಗೆ ಮುಗಿಸುತ್ತಿದ್ದೆ ಎಂದು ಕೇಳಬೇಕು. ಮಗು ಧಾರಾವಾಹಿಯ ಬಗ್ಗೆ ಹೇಳುತ್ತ ಹೇಳುತ್ತ ತನ್ನ ಬಗ್ಗೆ ಹೇಳಿಬಿಡುತ್ತದೆ. ನೇರವಾಗಿ “ನಿನಗೆ ಅವ್ವನ ನೆನಪಾಗುತ್ತದೆಯೇ” ಎಂದು ಕೇಳಿದ್ದರೆ ಆ ಹುಡುಗಿ “ಇಲ್ಲ” ಎಂದು ಆಡಲು ಓಡುತ್ತಿದ್ದಳು. ಆರು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಆ ರಾತ್ರಿ ಒಂದು ಧಾರಾವಾಹಿಯ ನೆಪದಲ್ಲಿ ಹೊರಗೆ ಬಂತು.

ದೀಪಾವಳಿಗೆ ಗೆಳೆಯ ಫೋನ್ ಮಾಡಿದ್ದ. ಹೆಸರು, ಉದ್ದು ರಾಶಿಯಾದ ಸುದ್ದಿ, ತೊಗರಿ ಹೂ ಬಿಟ್ಟ ಸುದ್ದಿ ಹೇಳಿ ಮೊಮ್ಮಗಳ ಕೈಗೆ ಕೊಟ್ಟ. ಸಸ್ಪೆನ್ಸ್ ಖಾತೆ ಎಲ್ಲಿಗೆ ಬಂತು ಎಂದು ಕೇಳಿದೆ. ಹತ್ತೊಂಬತ್ತು ಬಾಕಿ ಇವೆ, ಸೀರೆಯದು ಇನ್ನೂ ತಿಳಿದಿಲ್ಲ ಎಂದಳು.

“ಮತ್ತ ಆ ವಯಸ್ಸಿಂದು?”

“ಅದಕ್ಕ ಟಿಕ್ ಹಾಕೀನಿ ಮುತ್ಯಾ” ಎಂದು ಪುಟ ತಿರುವಿ ಬಲಗಡೆಯ ಸಾಲು ಓದಿದಳು: “ಆಯಿ ಹೋಗಿ ಹೇಳ್ತಾಳ. ಅವಸರ ಇಲ್ಲ.”